ಕುಕ್ಕರಹಳ್ಳಿ ಕೆರೆಯ ಎರಡು ದಾರಿಗಳು

ಮೈಸೂರಿಗೆ ಬರುವ ಪ್ರವಾಸಿಗಳ ಪಟ್ಟಿಯಲ್ಲಿ ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ, ಕೃಷ್ಣರಾಜಸಾಗರ ಇವು ತಪ್ಪದೆ ಇರುತ್ತವೆ. ಸಮಯ ಉಳಿದರೆ ಶ್ರೀರಂಗಪಟ್ಟಣ, ಸೋಮನಾಥಪುರಗಳೂ ಸೇರಿಕೊಳ್ಳುತ್ತವೆ. ಆದರೆ ನಗರದೊಳಗೇ ಇರುವ, ಮೈಸೂರಿನವರಿಗೆ ಮನೆಯ ಹಿತ್ತಿಲಿನಷ್ಟು ಹತ್ತಿರವಾದ ಒಂದು ತಾಣವನ್ನು ಪರಸ್ಥಳದಿಂದ ಬಂದವರು ನೋಡಿ ಹೋಗುವುದು ಅಪರೂಪ. ಅದು ಕುಕ್ಕರಹಳ್ಳಿ ಕೆರೆ. ಒಂದು ಕಡೆ ಹುಣಸೂರು ರಸ್ತೆ, ಇನ್ನೊಂದು ಕಡೆ ಬೋಗಾದಿ ರಸ್ತೆ, ಮಗ್ಗುಲಲ್ಲೇ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಇವುಗಳ ನಡುವೆ ಸುಮಾರು 150 ಎಕರೆಗಳಷ್ಟು ವಿಸ್ತಾರದ ಜಲರಾಶಿ. ಅದನ್ನು ಸುತ್ತುವರಿದು ನಾಲ್ಕು ಕಿಲೋಮೀಟರಿನ ಆಸುಪಾಸು ಉದ್ದದ ಕಾಲುಹಾದಿ. ಹಾದಿಯ ಎರಡು ಬದಿಗೂ ಮರಗಳ ನೆರಳು.

ರಂಗನತಿಟ್ಟಿನಂತೆ ಇದು ಕಾನೂನಿನ ಪ್ರಕಾರ ಘೋಷಿತವಾದ ಪಕ್ಷಿಧಾಮವಲ್ಲ. ಆದರೆ ಹಕ್ಕಿಗಳು ಯಾವ ಘೋಷಣೆಗೂ ಕಾಯದೆ ಇದನ್ನು ತಮ್ಮ ಧಾಮವಾಗಿ ಮಾಡಿಕೊಂಡಿವೆ. ಪಕ್ಷಿವೀಕ್ಷಕರು ಇಲ್ಲಿ ಗುರುತಿಸಿರುವ ಪ್ರಭೇದಗಳ ಸಂಖ್ಯೆ ನೂರೈವತ್ತನ್ನು ಮೀರುತ್ತದೆ. ಲಕ್ಷಾಂತರ ಜನ ವಾಸಿಸುವ ನಗರದ ಮಧ್ಯೆ, ವಾಹನಗಳ ಸದ್ದು ಕಿವಿಗೆ ಬೀಳುವಷ್ಟು ಸಮೀಪದಲ್ಲಿ, ಇಷ್ಟೊಂದು ಬಗೆಯ ಜೀವಗಳು ಬಾಳುತ್ತಿರುವುದು ಸಾಮಾನ್ಯ ಸಂಗತಿಯಲ್ಲ.

ಕಳೆದ ಜನವರಿಯ ಒಂದು ಭಾನುವಾರ ನಾವು ಕುಟುಂಬಸಮೇತರಾಗಿ ಈ ಕೆರೆಯನ್ನು ಸುತ್ತಿ ಬಂದೆವು. ದಾವಣಗೆರೆಯಿಂದ ಬಂದಿದ್ದ ನಮ್ಮ ತಂಗಿ ಮತ್ತು ಆಕೆಯ ಇಬ್ಬರು ಮಕ್ಕಳು ಜೊತೆಗಿದ್ದರು. ಅಂದು ಕಂಡದ್ದನ್ನೂ, ಮರುದಿನ ಕೆರೆಯಿಂದ ಹೊರಗೆ ಹೋಗಿ ನಾವು ನೋಡಿದ್ದನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಏರಿಯ ಮೇಲಿನ ನಡಿಗೆ

ಬೆಳಗಿನ ಆರೂವರೆಗೆ ನಾವು ಕೆರೆಯ ಬಾಗಿಲನ್ನು ಸೇರಿದಾಗ ಮಂಜು ಇನ್ನೂ ನೀರಿನ ಮೇಲೆಯೇ ಇತ್ತು. ಅಷ್ಟು ಹೊತ್ತಿಗಾಗಲೇ ನಡೆಯುವವರ ಸಾಲು ಹರಿದಿತ್ತು. ಮಫ್ಲರು ಸುತ್ತಿಕೊಂಡ ಹಿರಿಯರು, ಬಿರುಸಾಗಿ ಹೆಜ್ಜೆ ಹಾಕುವ ಗೃಹಿಣಿಯರು, ಓಡುವ ತರುಣರು, ಕಲ್ಲುಬೆಂಚಿನ ಮೇಲೆ ಕುಳಿತು ಪ್ರಾಣಾಯಾಮ ಮಾಡುವವರು. ಮೈಸೂರಿನ ಎಷ್ಟೋ ಮಂದಿಗೆ ದಿನ ಆರಂಭವಾಗುವುದೇ ಈ ಏರಿಯ ಮೇಲೆ. ರಾಷ್ಟ್ರಕವಿ ಕುವೆಂಪು ಅವರು ಈ ಕೆರೆಯ ದಂಡೆಯ ನಿತ್ಯಸಂಚಾರಿಗಳಾಗಿದ್ದ ವಿಷಯ ನಾಡಿಗೆಲ್ಲ ಗೊತ್ತು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಪಕ್ಕದ ವಿದ್ಯಾಕ್ಷೇತ್ರಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಇಂಗ್ಲಿಷಿನಲ್ಲಿ ಬರೆದು ಪ್ರಸಿದ್ಧರಾದ ಆರ್. ಕೆ. ನಾರಾಯಣ್ ಅವರ ಆತ್ಮಕಥೆಯಲ್ಲಿಯೂ ಈ ಕೆರೆ ಬರುತ್ತದೆ. ಹಿಂದಿನವರ ಬಾಯಲ್ಲಿ ಇದು ಕುಕ್ಕನಹಳ್ಳಿ ಕೆರೆ.

ಹಾದಿ ಒಂದೇ ತೆರನಾಗಿಲ್ಲ. ಏರಿಯ ಭಾಗದಲ್ಲಿ ನೇರವಾಗಿ, ಅಗಲವಾಗಿ, ನೀರಿಗೆ ತೆರೆದುಕೊಂಡು ಸಾಗುತ್ತದೆ. ಆಚೆಯ ದಡಕ್ಕೆ ಹೋದಂತೆ ಬಿದಿರುಮೆಳೆ, ಹೊಂಗೆ, ಹುಣಸೆ, ಜಾಲಿ ಮರಗಳ ನಡುವೆ ಬಳುಕುತ್ತ ಹೋಗಿ, ಕೆಲವೆಡೆ ನೀರನ್ನು ಕಣ್ಣಿಗೆ ಮರೆ ಮಾಡಿ, ಮತ್ತೆ ಒಮ್ಮೆಗೇ ತೋರಿಸುತ್ತದೆ. ನಗರದ ಸದ್ದು ಏರಿಯಲ್ಲಿ ಸ್ಪಷ್ಟವಾಗಿ ಕೇಳಿಸಿದರೆ, ಆಚೆಯ ದಡದಲ್ಲಿ ಕುಟ್ರುಹಕ್ಕಿಯ ಕೂಗು ಅದನ್ನು ಮುಚ್ಚಿಬಿಡುತ್ತದೆ. ಮಡಿವಾಳ ಹಕ್ಕಿ, ಪಿಕಳಾರ, ಕೆಂಬೂತ ಇವುಗಳನ್ನು ನೋಡಲು ದುರ್ಬೀನಿನ ಅಗತ್ಯವೇ ಬೀಳಲಿಲ್ಲ.

ನಡುಗಡ್ಡೆಯ ಸಂಸಾರಗಳು

ಕೆರೆಯ ಮುಖ್ಯ ಆಕರ್ಷಣೆ ಹೆಜ್ಜಾರ್ಲೆ. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮಿಕ್ಕುವ ಈ ದೊಡ್ಡ ಹಕ್ಕಿ ನೀರಿನಿಂದ ಮೇಲೇಳುವಾಗ ಸ್ವಲ್ಪ ದೂರ ನೀರಿನ ಮೇಲೆ ಓಡುತ್ತ ರೆಕ್ಕೆ ಬಡಿಯುವುದನ್ನು ಕಂಡು ಮಕ್ಕಳು ವಿಮಾನವನ್ನೇ ನೆನೆದರು. ಗಾಳಿಗೆ ಏರಿದ ಮೇಲೆ ಅದರ ಹಾರಾಟ ಎಷ್ಟು ನಿರಾಯಾಸವೆಂದರೆ ಬಹಳ ಹೊತ್ತು ರೆಕ್ಕೆ ಆಡಿಸದೆಯೇ ತೇಲುತ್ತದೆ. ಕೊಕ್ಕಿನ ಕೆಳಗಿನ ಚರ್ಮದ ಚೀಲ ಮೀನನ್ನು ತುಂಬಿಡುವ ಜೋಳಿಗೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ಬಲೆ. ನೀರಿನಲ್ಲಿ ಕೊಕ್ಕನ್ನು ಮುಳುಗಿಸಿ ಮೀನಿನೊಡನೆ ನೀರನ್ನೂ ಎತ್ತಿಕೊಂಡು, ಗಂಟಲ ಚೀಲವನ್ನು ಎದೆಗೆ ಒತ್ತಿ ನೀರನ್ನು ಸೋರಗೊಟ್ಟು, ಬಳಿಕ ಮೀನನ್ನು ನುಂಗುತ್ತದೆ. ಹಲವು ಹೆಜ್ಜಾರ್ಲೆಗಳು ಸಾಲುಗಟ್ಟಿ ಮೀನುಗಳನ್ನು ಅಟ್ಟುತ್ತ ಬರುವುದೂ ಉಂಟು.

ಕೆರೆಯೊಳಗಿನ ನಡುಗಡ್ಡೆಯ ಮರಗಳ ಮೇಲೆ ಚಳಿಗಾಲದ ದಿನಗಳಲ್ಲಿ ಇವುಗಳ ಸಂಸಾರ. ಸುತ್ತ ನೀರಿರುವುದರಿಂದ ನಾಯಿ, ಬೆಕ್ಕುಗಳ ಭಯವಿಲ್ಲ. ಮನುಷ್ಯರೂ ಅಲ್ಲಿಗೆ ಹೋಗುವಂತಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದೇ ಹೆಜ್ಜಾರ್ಲೆ ಮನೆಗಳ ಹಿತ್ತಿಲ ಮರಗಳಲ್ಲೇ ಗೂಡು ಕಟ್ಟುವುದನ್ನೂ, ಊರಿನವರು ಅದನ್ನು ತವರಿಗೆ ಬಂದ ಮಗಳಂತೆ ನೋಡಿಕೊಳ್ಳುವುದನ್ನೂ ಓದುಗರು ಕೇಳಿರಬಹುದು. ಆ ಗ್ರಾಮ 2007ರಲ್ಲಿ ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಹಳ್ಳಿಯ ಜನರು ತೋರಿದ ಆ ಅಕ್ಕರೆಯನ್ನೇ ನಗರದ ಜನರಿಂದಲೂ ಈ ಹಕ್ಕಿ ನಿರೀಕ್ಷಿಸಿದಂತಿದೆ.

ನೀರಿನಿಂದ ಹೊರಚಾಚಿದ ಒಣಗಿದ ಕೊಂಬೆಯೊಂದರ ಮೇಲೆ ನೀರುಕಾಗೆ ಎರಡು ರೆಕ್ಕೆಗಳನ್ನೂ ಹರವಿಕೊಂಡು ನಿಂತಿತ್ತು. ನಮ್ಮ ತಂಗಿಯ ಮಗಳು, "ಅದು ಸೂರ್ಯನಮಸ್ಕಾರ ಮಾಡ್ತಿದೆಯಾ ಮಾವ?" ಎಂದು ಕೇಳಿದಳು. ಬಾತುಗಳ ಪುಕ್ಕ ನೀರನ್ನು ಹತ್ತಿರ ಸೇರಿಸುವುದಿಲ್ಲ. ನೀರುಕಾಗೆಯ ಪುಕ್ಕವಾದರೋ ನೆನೆಯುತ್ತದೆ. ನೆನೆದ ಮೈ ಹಗುರವಾಗಿ ತೇಲದೆ ಸುಲಭವಾಗಿ ಮುಳುಗುವುದರಿಂದ ಮೀನಿನ ಬೆನ್ನಟ್ಟಲು ಅದಕ್ಕೆ ಅನುಕೂಲ. ಬೇಟೆ ಮುಗಿದ ಮೇಲೆ ಬಿಸಿಲಿಗೆ ಬಟ್ಟೆ ಹರಡಿದಂತೆ ರೆಕ್ಕೆ ಹರಡಿ ಒಣಗಿಸಿಕೊಳ್ಳಬೇಕು. ಹಾವಿನಂಥ ಕತ್ತನ್ನು ಮಾತ್ರ ನೀರಿನ ಮೇಲಿಟ್ಟು ಈಜುವ ಹಾವಕ್ಕಿಯದೂ ಇದೇ ಕ್ರಮ.

ಬಣ್ಣದ ಕೊಕ್ಕರೆಗಳು ಆಳವಿಲ್ಲದ ಕಡೆ ನಿಂತಿದ್ದವು. ಕೊಕ್ಕನ್ನು ಅರೆ ತೆರೆದು ನೀರಿನಲ್ಲಿಟ್ಟು, ಕಾಲಿನಿಂದ ಕೆಸರನ್ನು ಕದಡುತ್ತ, ಗಾಬರಿಯಾಗಿ ಹೊರಟ ಮೀನು ಕೊಕ್ಕಿಗೆ ತಗುಲಿದೊಡನೆ ಮುಚ್ಚಿ ಹಿಡಿಯುವುದು ಅವುಗಳ ರೀತಿ. ಬಾಯ್ಕಳಕ ಕೊಕ್ಕರೆಗೆ ಬಸವನಹುಳುವೇ ಪ್ರಿಯವಾದ ಆಹಾರ. ಜೊಂಡಿನ ನಡುವೆ ನೇರಳೆ ಬಣ್ಣದ ಜಂಬುಕೋಳಿ ತನ್ನ ಉದ್ದ ಬೆರಳುಗಳಿಂದ ಎಲೆಗಳ ಮೇಲೆಯೇ ನಡೆದಾಡುತ್ತಿತ್ತು. ಗುಳುಮುಳುಕ ಇಲ್ಲಿ ಮುಳುಗಿ ಅಲ್ಲಿ ಏಳುತ್ತ ಮಕ್ಕಳನ್ನು ಬಹಳ ಹೊತ್ತು ಆಟವಾಡಿಸಿತು. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ಬರುವ ಸಿಪಿಲೆಯೊಂದು ದಡದ ಕಲ್ಲಿನ ಮೇಲೆ ಬಾಲ ಕುಣಿಸುತ್ತಿತ್ತು. ಗಮನಿಸಬೇಕಾದ ಸಂಗತಿಯೆಂದರೆ ಪ್ರತಿಯೊಂದು ಹಕ್ಕಿಗೂ ನೀರಿನ ಒಂದೊಂದು ಆಳ ಮೀಸಲು. ಹೆಜ್ಜಾರ್ಲೆ ಮತ್ತು ನೀರುಕಾಗೆಗೆ ತುಂಬು ನೀರು, ಕೊಕ್ಕರೆಗೆ ಮೊಣಕಾಲುದ್ದದ ನೀರು, ಸಿಪಿಲೆಗೆ ಒದ್ದೆ ದಡ. ನೀರಿನ ಮಟ್ಟ ಏರುವುದು, ಇಳಿಯುವುದು ಎರಡೂ ನಿಂತು ಹೋದರೆ ಯಾರಾದರೊಬ್ಬರಿಗೆ ಊಟವಿಲ್ಲದಂತಾಗುತ್ತದೆ.

ಒಂದು ಪ್ರಶ್ನೆ

ಅರ್ಧ ಸುತ್ತು ಮುಗಿದಾಗ ನಮ್ಮ ತಂಗಿಯ ಒಂಬತ್ತು ವರ್ಷದ ಮಗ, "ಮಾವ, ಇಷ್ಟೊಂದು ನೀರನ್ನ ಇಲ್ಲಿಗೆ ಯಾರು ತಂದು ಹಾಕ್ತಾರೆ?" ಎಂದು ಕೇಳಿದನು. ಮನೆಯಲ್ಲಿ ತೊಟ್ಟಿಗೆ ನೀರು ಟ್ಯಾಂಕರಿನಲ್ಲಿ ಬರುವುದನ್ನು ಕಂಡಿದ್ದ ಹುಡುಗನ ಪ್ರಶ್ನೆ ಸಹಜವಾದುದೇ. ಮಳೆ ನೀರು ಎಂದು ನಾವು ಹೇಳಿದೆವು. "ಇದರ ಮೇಲೆ ಬೀಳೋ ಮಳೆ ಇಷ್ಟು ಸಾಕಾಗುತ್ತಾ?" ಎಂದು ಅವನು ಮತ್ತೆ ಕೇಳಿದನು.

ಪಕ್ಕದ ಬೆಂಚಿನ ಮೇಲೆ ಪಂಚೆ ಉಟ್ಟು, ಹೆಗಲ ಮೇಲೆ ಟವೆಲು ಹಾಕಿಕೊಂಡು ಕುಳಿತಿದ್ದ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ನಕ್ಕರು. "ಮಗು ಸರಿಯಾಗಿ ಕೇಳ್ತು ಸ್ವಾಮಿ. ಮೇಲೆ ಬೀಳೋ ಮಳೇಲಿ ಕೆರೆ ತುಂಬೋದಿಲ್ಲ. ಕೆರೆಗೆ ನೀರು ನಡ್ಕೊಂಡು ಬರ್ಬೇಕು. ನೀವು ನಡೆಯೋಕೆ ದಾರಿ ಮಾಡ್ಕೊಂಡಿದ್ದೀರಲ್ಲ, ಹಾಗೆ ಅದಕ್ಕೂ ಒಂದು ದಾರಿ ಬೇಕು" ಎಂದರು. ತಮ್ಮ ತಾತನ ಕಾಲದಲ್ಲಿ ಈ ಕೆರೆಯ ಕೆಳಗೆ ತಮ್ಮ ಮನೆತನಕ್ಕೆ ಗದ್ದೆಯಿತ್ತೆಂದೂ, ನೀರುಗಂಟಿ ತೂಬು ಎತ್ತಿದ ದಿನ ತಾವು ಹುಡುಗರೆಲ್ಲ ಕಾಲುವೆಯಲ್ಲಿ ಮೀನು ಹಿಡಿಯಲು ಓಡುತ್ತಿದ್ದುದಾಗಿ ತಂದೆ ಹೇಳುತ್ತಿದ್ದರೆಂದೂ ತಿಳಿಸಿದರು. ಈಗ ಆ ಗದ್ದೆಗಳಿದ್ದ ಕಡೆ ಮನೆಗಳೆದ್ದಿವೆ. "ಗದ್ದೆ ಹೋಯ್ತು ಅಂತ ನಮಗೇನು ದುಃಖ ಇಲ್ಲ. ಊರು ಬೆಳೀಬೇಕು. ಆದ್ರೆ ಗದ್ದೆ ಇದ್ದಾಗ ಕೆರೆಗೆ ನೂರು ಜನ ಯಜಮಾನರಿದ್ರು. ಕಾಲುವೆ ಕಟ್ಟಿಕೊಂಡ್ರೆ ಗುದ್ದಲಿ ತಗೊಂಡು ಹೋಗೋರು. ಈಗ ನಡೆಯೋರು ಸಾವಿರ ಜನ ಇದ್ದಾರೆ, ಗುದ್ದಲಿ ಹಿಡಿಯೋರು ಯಾರು?" ಎಂದು ಅವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಕೆರೆಯ ಚರಿತ್ರೆ

ಕುಕ್ಕರಹಳ್ಳಿ ಕೆರೆ ದೇವರು ಕೊಟ್ಟ ಸರೋವರವಲ್ಲ, ಮನುಷ್ಯರು ಕಟ್ಟಿದ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಅಂದಿನ ನಗರದ ಹೊರಗಿದ್ದ ಜಮೀನುಗಳಿಗೆ ನೀರುಣಿಸುವ ಸಲುವಾಗಿ ಇದು ನಿರ್ಮಾಣವಾಯಿತು. ಇಳಿಜಾರಿನ ಭೂಮಿಗೆ ಅಡ್ಡಲಾಗಿ ಏರಿ, ನೀರು ಬಿಡಲು ತೂಬು, ಹೆಚ್ಚಾದ ನೀರು ಹೊರಬೀಳಲು ಕೋಡಿ, ಕೆಳಗೆ ಅಚ್ಚುಕಟ್ಟು. ನಮ್ಮ ನಾಡಿನ ಸಾವಿರಾರು ಕೆರೆಗಳ ರಚನೆಯೇ ಇದರದೂ. ಪಶ್ಚಿಮದ ಹಿನಕಲ್, ಬೋಗಾದಿ, ಮರಟಿಕ್ಯಾತನಹಳ್ಳಿಗಳ ಕಡೆಯ ಎತ್ತರದ ಭೂಮಿಯಲ್ಲಿ ಬಿದ್ದ ಮಳೆ ನೀರನ್ನು ಪೂರ್ಣಯ್ಯ ನಾಲೆ ಎಂದು ಜನ ಕರೆಯುವ ಕಾಲುವೆ ಇಲ್ಲಿಗೆ ತಂದು ಸೇರಿಸುತ್ತಿತ್ತು. ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಯತ್ನಿಸಿದ ದಿವಾನ್ ಪೂರ್ಣಯ್ಯನವರ ಹೆಸರು ಅದಕ್ಕೆ ನಿಂತಿದೆ.

ಕೆರೆ ಕಟ್ಟಿಸುವುದನ್ನು ನಮ್ಮ ಹಿರಿಯರು ಪುಣ್ಯದ ಕೆಲಸವೆಂದು ಬಗೆದಿದ್ದರು. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ್ದನ್ನು ಅರಿಯದ ಶರಣ ಕುಟುಂಬವಿಲ್ಲ. ಇಂದಿನ ಸೊಲ್ಲಾಪುರ ನಗರದ ನಡುವೆ ಆ ಕೆರೆ ಈಗಲೂ ಇದೆ. ಆದರೆ ಕಟ್ಟಿದ ಕೆರೆಯೆಲ್ಲ ಉಳಿಯಲಿಲ್ಲ. ಮೈಸೂರಿನಲ್ಲೇ ದೊಡ್ಡಕೆರೆ ಮೈದಾನವಿದೆ, ದೊಡ್ಡಕೆರೆಯಿಲ್ಲ. ದಸರಾ ವಸ್ತುಪ್ರದರ್ಶನ ನಡೆಯುವ ಆ ಜಾಗ ಒಂದು ಕಾಲಕ್ಕೆ ನೀರಿನಿಂದ ತುಂಬಿತ್ತು. ಸುಬ್ಬರಾಯನಕೆರೆ ಇಂದು ಸ್ವಾತಂತ್ರ್ಯ ಹೋರಾಟವನ್ನು ನೆನಪಿಸುವ ಉದ್ಯಾನ. ಜೀವನರಾಯನಕಟ್ಟೆಯೂ ಮೈದಾನವೇ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ಸು ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಮನೆಮನೆಗೆ ನಲ್ಲಿ ಬಂದ ಮೇಲೆ ನಗರದ ಕೆರೆ ಯಾರಿಗೂ ಬೇಡವಾದ ವಸ್ತುವಾಗುವುದು ಎಲ್ಲೆಡೆಯ ಕಥೆ.

ಕುಕ್ಕರಹಳ್ಳಿ ಕೆರೆ ಆ ಗತಿಯಿಂದ ಪಾರಾದದ್ದು ಎರಡು ಕಾರಣಗಳಿಂದ ಎಂದು ನಮಗೆ ತೋರುತ್ತದೆ. ಅದು ವಿಶ್ವವಿದ್ಯಾನಿಲಯದ ಆವರಣಕ್ಕೆ ಸೇರಿಕೊಂಡು ಒಬ್ಬ ಒಡೆಯನನ್ನು ಪಡೆಯಿತು. ಎರಡನೆಯದಾಗಿ, ದಿನವೂ ಅದನ್ನು ನೋಡುವ ಜನ ಅದಕ್ಕಿದ್ದರು. ಕೆರೆಯ ನೀರಿನ ಬಣ್ಣ ಬದಲಾದರೆ, ಮೀನು ಸತ್ತು ತೇಲಿದರೆ, ಮರ ಉರುಳಿದರೆ ಮರುದಿನವೇ ಪತ್ರಿಕೆಗೆ ಕಾಗದ ಬರೆಯುವವರು ಮೈಸೂರಿನಲ್ಲಿದ್ದಾರೆ. ಹೀಗೆ ನಡೆಯುವವರ ದಾರಿಯೇ ಕೆರೆಯನ್ನು ಬಹುಮಟ್ಟಿಗೆ ಕಾಪಾಡಿತು. ಆದರೆ ಆ ಹಿರಿಯರು ಹೇಳಿದ ಇನ್ನೊಂದು ದಾರಿ ಯಾರ ಕಣ್ಣಿಗೂ ಬೀಳುವಂತಹುದಲ್ಲ.

ನೀರಿನ ದಾರಿಯನ್ನು ಹುಡುಕಿ

ಮರುದಿನ ಮಕ್ಕಳನ್ನು ಕರೆದುಕೊಂಡು ನಾವು ಬೋಗಾದಿಯ ಕಡೆ ಹೊರಟೆವು. ನಾಲೆಯನ್ನು ಕೇಳುತ್ತ ಹೋದರೆ ಕೆಲವರು ಚರಂಡಿಯನ್ನು ತೋರಿಸಿದರು, ಕೆಲವರಿಗೆ ಆ ಹೆಸರೇ ತಿಳಿಯದು. ಒಂದೆಡೆ ಆಳವಾದ ಕಾಲುವೆಯಂತೆ ಕಾಣಿಸಿದ ಅದು ಇನ್ನೊಂದೆಡೆ ರಸ್ತೆಯ ಮೋರಿಯೊಳಗೆ ನುಗ್ಗಿ ಮಾಯವಾಗುತ್ತಿತ್ತು. ಕೆಲವು ಕಡೆ ಪಾರ್ಥೇನಿಯಂ ಗಿಡಗಳು ಆಳೆತ್ತರ ಬೆಳೆದು ಪಾತಳಿಯೇ ಕಾಣದಂತಾಗಿತ್ತು. ಕಟ್ಟಡದ ಮಣ್ಣು, ಒಡೆದ ಇಟ್ಟಿಗೆ, ಪ್ಲಾಸ್ಟಿಕ್ ಚೀಲಗಳು ರಾಶಿ ಬಿದ್ದಿದ್ದವು. ಗುಡ್ಡದ ಇಳಿಜಾರು ಹಾಗೆಯೇ ಇತ್ತು. ನೀರು ಇಳಿದು ಬರುವುದಕ್ಕೆ ಭೂಮಿ ಈಗಲೂ ಸಿದ್ಧವಾಗಿತ್ತು. ನಡುವೆ ತಡೆ ಒಡ್ಡಿದವರು ಮನುಷ್ಯರು.

ಹುಡುಗ ಮೋರಿಯ ಪಕ್ಕ ಕುಳಿತು ಒಳಗೆ ಇಣುಕಿ, "ಇಲ್ಲಿಂದ ಹೆಜ್ಜಾರ್ಲೆಗೆ ನೀರು ಹೋಗ್ಬೇಕಾ?" ಎಂದನು. ನಾವು ಹೌದೆಂದೆವು. ಅವನು ಕೈಯಲ್ಲಿದ್ದ ಕೋಲಿನಿಂದ ಮೋರಿಯ ಬಾಯಿಗೆ ಸಿಕ್ಕಿಕೊಂಡಿದ್ದ ಚೀಲವೊಂದನ್ನು ಎಳೆದು ಹಾಕಿದನು. ಅದರ ಹಿಂದೆ ಇನ್ನೂ ಹತ್ತು ಇದ್ದವು.

ಇಲ್ಲಿ ಒಂದು ತೊಡಕನ್ನು ಓದುಗರ ಗಮನಕ್ಕೆ ತರಬೇಕು. ನಗರ ಬೆಳೆದಂತೆ ಮಳೆ ನೀರಿನ ಹಳೆಯ ಕಾಲುವೆಗಳಿಗೆ ಮನೆಗಳ ಕೊಳಚೆ ನೀರು ಸೇರುವುದು ಎಲ್ಲೆಡೆ ನಡೆದಿದೆ. ಬಚ್ಚಲ ನೀರಿನಲ್ಲಿರುವ ಸಾಬೂನು, ಬಟ್ಟೆ ತೊಳೆಯುವ ಪುಡಿ, ಮಲಮೂತ್ರ ಇವುಗಳಲ್ಲಿ ರಂಜಕ ಮತ್ತು ಸಾರಜನಕ ಯಥೇಚ್ಛವಾಗಿರುತ್ತವೆ. ಹೊಲಕ್ಕೆ ಗೊಬ್ಬರವಾಗುವ ಇವೇ ಪದಾರ್ಥಗಳು ಕೆರೆಗೆ ಬಂದರೆ ಪಾಚಿಗೆ ಗೊಬ್ಬರವಾಗುತ್ತವೆ. ಪಾಚಿ ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಹಬ್ಬಿ ಬಿಸಿಲನ್ನು ತಡೆಯುತ್ತದೆ. ಹಗಲು ಆಮ್ಲಜನಕವನ್ನು ಕೊಡುವ ಅದೇ ಪಾಚಿ ರಾತ್ರಿ ಅದನ್ನು ಬಳಸಿಕೊಳ್ಳುತ್ತದೆ. ಸತ್ತು ಕೊಳೆಯುವಾಗ ಮತ್ತಷ್ಟನ್ನು ಹೀರುತ್ತದೆ. ಆಗ ಬೆಳಗಾಗುವ ಹೊತ್ತಿಗೆ ಮೀನುಗಳು ಉಸಿರುಗಟ್ಟಿ ತೇಲುತ್ತವೆ. ಮೀನಿಲ್ಲದ ಕೆರೆಗೆ ಹೆಜ್ಜಾರ್ಲೆ ಏಕೆ ಬಂದೀತು?

ಆದ್ದರಿಂದ ಕೊಳಚೆ ನೀರನ್ನು ಕೆರೆಗೆ ಬಿಡಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೊಳಚೆಯೂ ಮಳೆ ನೀರೂ ಒಂದೇ ಕಾಲುವೆಯಲ್ಲಿ ಬೆರೆತು ಬರುತ್ತಿದ್ದಾಗ, ಕೊಳಚೆಯನ್ನು ತಡೆಯಲು ಹೋಗಿ ಕಾಲುವೆಯನ್ನೇ ಬೇರೆಡೆಗೆ ತಿರುಗಿಸಿದರೆ ಮಳೆ ನೀರೂ ಅದರೊಡನೆ ಹೊರಟುಹೋಗುತ್ತದೆ. ಕೆರೆ ಶುದ್ಧವಾಗುತ್ತದೆ, ಆದರೆ ಬತ್ತುತ್ತದೆ. ತಿರುಗಿಸದೆ ಬಿಟ್ಟರೆ ತುಂಬುತ್ತದೆ, ಆದರೆ ಕೆಡುತ್ತದೆ. ಈ ಇಕ್ಕಟ್ಟಿಗೆ ಇರುವ ಪರಿಹಾರ ಒಂದೇ: ಎರಡು ನೀರಿಗೂ ಎರಡು ಬೇರೆ ದಾರಿ. ಮನೆಯ ಕೊಳಚೆಗೆ ಒಳಚರಂಡಿ, ಆಕಾಶದ ನೀರಿಗೆ ನಾಲೆ. ಇದು ಖರ್ಚಿನ ಕೆಲಸ ನಿಜ. ಆದರೆ ಅರ್ಧ ಕೆಲಸ ಖರ್ಚಿಲ್ಲದ್ದು. ತಾರಸಿಯ ನೀರಿನ ಕೊಳವೆಯನ್ನು ಒಳಚರಂಡಿಗೆ ಜೋಡಿಸದಿರುವುದು, ಬಚ್ಚಲ ನೀರನ್ನು ಮಳೆ ನೀರಿನ ಮೋರಿಗೆ ಬಿಡದಿರುವುದು, ನಿವೇಶನ ಕೊಳ್ಳುವ ಮೊದಲು ಅಲ್ಲಿ ಕಾಲುವೆ ಇತ್ತೇ ಎಂದು ಗ್ರಾಮದ ನಕಾಶೆಯಲ್ಲಿ ನೋಡಿಕೊಳ್ಳುವುದು. ಇಷ್ಟಕ್ಕೆ ಯಾವ ಯೋಜನೆಯ ಮಂಜೂರಾತಿಯೂ ಬೇಕಾಗಿಲ್ಲ.

ಒಂದು ಕೆರೆ, ಹಲವು ಕೆರೆ

ಮೈಸೂರಿನ ಒಂದು ಕೆರೆ ಬತ್ತಿದರೆ ಹಕ್ಕಿಗಳು ಇನ್ನೊಂದಕ್ಕೆ ಹೋಗಲಿ ಎಂದು ಕೆಲವರು ಹೇಳಬಹುದು. ಹಕ್ಕಿಗಳು ಹೋಗುತ್ತವೆ, ಸುಳ್ಳಲ್ಲ. ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ಮೃಗಾಲಯಕ್ಕೆ ಸೇರಿದ ಕಾರಂಜಿ ಕೆರೆಯಿದೆ. 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿಯ ಹೆಸರಿನಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆಯಿದೆ. ಇಪ್ಪತ್ತು ಕಿಲೋಮೀಟರಿನೊಳಗೆ, ಕಾವೇರಿಯ ನಡುವೆ, ರಂಗನತಿಟ್ಟು ಇದೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ಅದು 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಹೆಜ್ಜಾರ್ಲೆಗಾಗಲಿ ಕೊಕ್ಕರೆಗಾಗಲಿ ಇವು ಬೇರೆ ಬೇರೆ ಊರುಗಳಲ್ಲ. ಒಂದೇ ಮನೆಯ ಕೋಣೆಗಳು. ಒಂದೆಡೆ ಗೂಡು, ಇನ್ನೊಂದೆಡೆ ಊಟ, ಮತ್ತೊಂದೆಡೆ ರಾತ್ರಿಯ ತಂಗು. ನದಿಯಲ್ಲಿ ನೆರೆ ಬಂದ ವರ್ಷ ಕೆರೆ ಆಸರೆ. ಕೆರೆ ಬತ್ತಿದ ವರ್ಷ ನದಿ ಆಸರೆ. ಅಡುಗೆಮನೆಯನ್ನು ಕೆಡವಿ ಪಡಸಾಲೆ ಇದೆಯಲ್ಲ ಎನ್ನುವುದು ಸರಿಯಾದ ಮಾತಲ್ಲ.

ಹೋಗುವವರಿಗೆ ಒಂದೆರಡು ಮಾತು

ಈ ಕೆರೆಯನ್ನು ನೋಡಲು ನವೆಂಬರಿನಿಂದ ಮಾರ್ಚಿಯವರೆಗಿನ ಕಾಲ ಉತ್ತಮ. ಬೆಳಗ್ಗೆ ಬೇಗ ಹೋಗಬೇಕು. ಬಿಸಿಲೇರಿದ ಮೇಲೆ ಹಕ್ಕಿಗಳೂ ಮಂಕಾಗುತ್ತವೆ, ಮಕ್ಕಳೂ ದಣಿಯುತ್ತಾರೆ. ಪ್ರವೇಶದ ವೇಳೆಯನ್ನು ಬಾಗಿಲಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹಾದಿ ಸಮತಟ್ಟಾಗಿರುವುದರಿಂದ ವಯಸ್ಸಾದವರೂ ನಿಧಾನವಾಗಿ ಸುತ್ತಬಹುದು. ಪೂರ್ತಿ ಸುತ್ತಲಾರದವರು ಏರಿಯ ಮೇಲೆಯೇ ಕುಳಿತರೂ ನೋಟಕ್ಕೆ ಕೊರತೆಯಿಲ್ಲ. ಮಕ್ಕಳಿಗೆ ಒಂದು ಸಣ್ಣ ಪುಸ್ತಕ, ಪೆನ್ಸಿಲ್ ಕೊಟ್ಟು ಕಂಡ ಹಕ್ಕಿಯ ಬಣ್ಣ, ಕೊಕ್ಕಿನ ಆಕಾರ, ಅದು ಏನು ಮಾಡುತ್ತಿತ್ತು ಎಂಬುದನ್ನು ಬರೆಯಹೇಳಿ. ಹೆಸರು ಆಮೇಲೆ ತಿಳಿದೀತು. ಗಾಢ ಬಣ್ಣದ ಉಡುಪು ಬೇಡ, ಮೊಬೈಲಿನ ಹಾಡು ಬೇಡ. ಪುರಿ, ಬಿಸ್ಕತ್ತು, ಬ್ರೆಡ್ಡನ್ನು ನೀರಿಗೆ ಎಸೆಯುವುದು ದಾನವೆಂದು ಕೆಲವರು ಭಾವಿಸುತ್ತಾರೆ. ಅದು ಕೊಳೆತು ಪಾಚಿಗೆ ಗೊಬ್ಬರವಾಗುತ್ತದೆಯೇ ಹೊರತು ಹಕ್ಕಿಗೆ ಹಿತವಲ್ಲ. ಹಕ್ಕಿಗೆ ನಾವು ಕೊಡಬಹುದಾದ ದೊಡ್ಡ ದಾನ ದೂರ.

ಮಕ್ಕಳು ದಾವಣಗೆರೆಗೆ ಹಿಂದಿರುಗಿದ ವಾರದಲ್ಲಿ ತಂಗಿಯಿಂದ ಫೋನು ಬಂತು. ಹುಡುಗ ತಮ್ಮ ಊರಿನ ಹತ್ತಿರದ ಕೆರೆಗೆ ನೀರು ಎಲ್ಲಿಂದ ಬರುತ್ತದೆಯೆಂದು ಕಂಡಕಂಡವರನ್ನೆಲ್ಲ ಕೇಳುತ್ತಿದ್ದಾನಂತೆ. ಶಾಲೆಯ ಮೇಷ್ಟ್ರಿಗೂ ಹೇಳಲಾಗಲಿಲ್ಲವಂತೆ. ಈ ಪತ್ರಿಕೆ ತಲಪುವ ಪ್ರತಿಯೊಂದು ಊರಿಗೂ ಒಂದು ಕೆರೆ ಇದ್ದೀತು, ಅಥವಾ ಕೆರೆಯ ಹೆಸರು ಹೊತ್ತ ಒಂದು ಬೀದಿಯಾದರೂ ಇದ್ದೀತು. ಮುಂದಿನ ಭಾನುವಾರ ಮನೆಯ ಮಕ್ಕಳನ್ನು ಕರೆದುಕೊಂಡು ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆಯಿರಿ. ಎರಡನೆಯ ಸುತ್ತಿಗೆ ಏರಿಯನ್ನು ಬಿಟ್ಟು, ನೀರು ಬರುವ ದಾರಿಯಲ್ಲಿ ಹಿಂದಕ್ಕೆ ನಡೆಯಿರಿ. ಅದು ಎಲ್ಲಿ ತುಂಡಾಗಿದೆಯೋ ಅಲ್ಲಿಗೆ ಮುಂಗಾರಿಗೆ ಮೊದಲು ಹತ್ತು ಮಂದಿ ಗುದ್ದಲಿ ಹಿಡಿದು ಹೋದರೆ, ಮಳೆಗಾಲ ಕಳೆದ ಮೇಲೆ ಹಕ್ಕಿಗಳು ಬರುತ್ತವೆ.